ಶಾಲಾಬಸ್ ಚಾಲಕನ ಎದೆಯ ನೀರು

ಆಸ್ಪತ್ರೆಯ ವಸತಿಗೃಹ,
ಮಾರ್ಚ್ 8, ಶನಿವಾರ ಮಧ್ಯಾಹ್ನ

ನನ್ನ ನಾವಿಕ ಮಹಾಶಯನಿಗೆ,

ಹೇಗಿದ್ದೀಯಾ? ಇಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಗುಳ್ಳೆ ಹೋಯ್ತಾ? ನಾನು ಕಟ್ಟಿಕೊಟ್ಟ ಮುಲಾಮಿನ ಮುಚ್ಚಳವನ್ನೂ ತೆಗೆದಿರೋದಿಲ್ಲ, ನಿನ್ನ ಬಗ್ಗೆ ನನಗೆ ಗೊತ್ತಿಲ್ವಾ! ಇಲ್ಲಿ ನಿನ್ನ ಮಗಳ ಮುಂದಿನ ಹಲ್ಲುಗಳು ಬಿದ್ದಿವೆ. ಬೇರೆ ಮಾತೆಲ್ಲ ಗಾಳಿ. 'ಅಪ್ಪ' ಅನ್ನೋದೊಂದು ಮಾತ್ರ ಸ್ಪಷ್ಟ.

ಊಟದ ಬಿಡುವಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಸ್ಕ್ಯಾನ್ ಯಂತ್ರದಲ್ಲಿ ಹೃದಯ ನೋಡೋದನ್ನ ಆನ್‌ಲೈನಿನಲ್ಲಿ ಕಲೀತಿದ್ದೆನಲ್ಲ, ನಮ್ಮ ದೊಡ್ಡ ಡಾಕ್ಟರು ಅದನ್ನ ಕಂಡಾಗಲೆಲ್ಲ "ವಿಡಿಯೋ ನೋಡಿ ಈಜು ಕಲಿತವರನ್ನ ನಾನಂತೂ ನೋಡಿಲ್ಲಮ್ಮ" ಅಂತ ನಗೋರು. ಗುರುವಾರ ಬೆಳಿಗ್ಗೆ ಮಗಳ ಶಾಲಾಬಸ್ಸಿನ ಚಾಲಕನನ್ನ ಅವನ ಹೆಂಡತಿ ಆಟೋದಲ್ಲಿ ಕರ್ಕೊಂಡು ಬಂದಳು. ಏದುಸಿರು, ಕತ್ತಿನ ನರ ಉಬ್ಬಿವೆ, ಕೈ ಮಂಜುಗಡ್ಡೆ. ಎಲ್ಲರೂ ಉಬ್ಬಸ ಅಂದರು. ನನಗ್ಯಾಕೋ ಮನಸ್ಸು ಒಪ್ಪಲಿಲ್ಲ. ಬಸುರಿಯರಿಗೆಂದು ಇಟ್ಟಿದ್ದ ಯಂತ್ರ ಎಳ್ಕೊಂಡು ಬಂದು ಎದೆಗೆ ಹಿಡಿದರೆ, ಪಾಠದಲ್ಲಿ ಕಂಡಿದ್ದೇ ಕಣ್ಣೆದುರಿಗೆ: ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿ, ಪಾಪ, ಹೃದಯ ಹಿಗ್ಗೋಕೆ ಜಾಗವಿಲ್ಲದೆ ಒದ್ದಾಡ್ತಿದೆ. ದೊಡ್ಡಾಸ್ಪತ್ರೆಗೆ ಸಾಗಿಸಿದರೆ ದಾರಿಯಲ್ಲೇ ಮುಗೀತಿತ್ತು.

ನೀರು ತೆಗೆಯೋ ಸೂಜಿಯನ್ನ ನಾನು ಪರದೆಯ ಮೇಲೆ ನೋಡಿದ್ದೆನೇ ಹೊರತು ಕೈಯಲ್ಲಿ ಮುಟ್ಟಿರಲಿಲ್ಲ. ಹೋಗಿ ದೊಡ್ಡ ಡಾಕ್ಟರನ್ನೇ ಕರೆದೆ. ಅವರು ನಗಲಿಲ್ಲ. ಅಭ್ಯಾಸದಂತೆ ಎದೆಮೂಳೆಯ ಕೆಳಗೆ ಚುಚ್ಚೋಕೆ ಹೋದಾಗ, "ಸರ್, ಅಲ್ಲಿ ಯಕೃತ್ತು ಅಡ್ಡ ಇದೆ, ನೀರು ಎಡಗಡೆ ಜಾಸ್ತಿ" ಅಂದೆ. ಅವರು ಸೂಜಿ ತಡೆದು, "ಎಲ್ಲಿ ಅಂತ ನೀನು ಹೇಳು, ಕೈ ನನ್ನದು" ಅಂದರು. ಹೇಳಿದೆ. ಸಿರಿಂಜು ತುಂಬ್ತಾ ಬಂದಂತೆ ಆ ಮನುಷ್ಯನ ಕೆನ್ನೆಗೆ ಬಣ್ಣ ಬಂತು ಕಣೋ! ಕಣ್ಣು ಬಿಟ್ಟವನೇ, "ಮಕ್ಕಳನ್ನ ಯಾರು ಕರ್ಕೊಂಡು ಹೋದ್ರು?" ಅಂತ ಕೇಳಿದ. ಹೆಂಡತಿ ಅವನ ಪಾದ ಹಿಡ್ಕೊಂಡು ಅಳ್ತಾ ನಗ್ತಿದ್ದಳು.

ಮರುದಿನ ದೊಡ್ಡ ಡಾಕ್ಟರು ಕುರ್ಚಿ ಎಳ್ಕೊಂಡು ನನ್ನ ಪಕ್ಕ ಕೂತು, "ಆ ಪಾಠ ಮೊದಲಿಂದ ಹಾಕಮ್ಮ" ಅಂದರು. ಪಾಸ್‌ವರ್ಡ್ ಹಾಕೋದು ಕಲಿಸೋಷ್ಟರಲ್ಲಿ ನನಗೆ ಆ ಸೂಜಿಯೇ ಸುಲಭ ಅನ್ನಿಸಿತು.

ಆ ಗುರುವಾರ ಮನೆಗೆ ಬಂದು ಚಪ್ಪಲಿ ಬಿಡೋಕೂ ಮೊದಲು ನಿನಗೆ ಫೋನ್ ಮಾಡಿದೆ. ಸಿಗಲಿಲ್ಲ. ಗೂಟದಲ್ಲಿ ತೂಗ್ತಿದ್ದ ನಿನ್ನ ಅಂಗಿಗೇ ಎಲ್ಲ ಹೇಳಿದೆ, ಅದು ಹೂಂ ಅನ್ನಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಡುಗೆ ಭಟ್ಟರಿಗೂ ಕ್ಯಾಪ್ಟನ್ನರಿಗೂ ನನ್ನ ನಮಸ್ಕಾರ.

ನಿನ್ನವಳೇ,
ಡಾಕ್ಟರಮ್ಮ

ತಾ.ಕ.: ಅಂಚೆಯವರು ಬಾಗಿಲಲ್ಲೇ ನಿಂತಿದ್ದಾರೆ. ಮುಂದಿನ ಹಡಗಿನ ಕರಾರಿಗೆ ಸಹಿ ಹಾಕಬೇಡ. ಮಗಳು ಕೇಳ್ತಾಳೆ ಅಂತ ಬರೆಯೋಣ ಅಂದ್ಕೊಂಡೆ. ಬೇಡ, ಅವಳ ನೆಪ ಯಾಕೆ? ನನಗೋಸ್ಕರ ಬಾ.