ಬಗ್ಗಿದ್ದಕ್ಕೆ ಸಾಕ್ಷಿಯಿದೆ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 11

ಎಡಗಾಲಿನ ಸಾಕ್ಸ್ ಆಯ್ತು. ಬಲಗಾಲಿಂದು ಆಗಲಿಲ್ಲ. ಇವಳು ಲಾಂಡ್ರಿ ಕೆಲಸಕ್ಕೆ ಹೊರಡೋ ಮುಂಚೆ ಹಾಕಿ ಹೋಗ್ತೀನಿ ಅಂದಳು. ನನಗೇನು ಕೈಯಿಲ್ವಾ ಅಂತ ರೇಗಿದೆ. ಈಗ ಒಂದು ಕಾಲಿಗೆ ಸಾಕ್ಸ್ ಹಾಕ್ಕೊಂಡು ಮಂಚದ ಮೇಲೆ ಕೂತಿದೀನಿ, ಮಹಾರಾಜರ ಹಾಗೆ.

ನಿನ್ನೆ ಬಂದ ಕಾಗದ ಮೂರನೇ ಸಲ ಓದಿದೆ. ಅಂಗವಿಕಲ ಭತ್ಯೆ ಕೊಡೋದಿಲ್ಲವಂತೆ. ಕಾರಣ ಎಷ್ಟು ಚೆನ್ನಾಗಿ ಬರೆದಿದಾರೆ ಅಂದ್ರೆ ಇಲ್ಲೂ ಇಳಿಸ್ತೀನಿ — "ಅರ್ಜಿದಾರರು ನೆಲಕ್ಕೆ ಮಂಡಿಯೂರಿ, ಬಗ್ಗಿ, ಭಾರವಾದ ಬಾಗಿಲನ್ನು ಭುಜದಿಂದ ಸರಿಸಿ, ವ್ಯಕ್ತಿಯೊಬ್ಬರನ್ನು ಎತ್ತಿ ಇಳಿಸಿದ್ದನ್ನು ತಪಾಸಣಾಧಿಕಾರಿಗಳು ಖುದ್ದಾಗಿ ಕಂಡಿರುತ್ತಾರೆ."

ಸುಳ್ಳೇನಲ್ಲ. ಅದೇ ಸಂಕಟ.

ಜನವರೀಲಿ ತಪಾಸಣೆಗೆ ಅಂತ ಆ ಆಫೀಸಿಗೆ ಹೋದಾಗ ಲಿಫ್ಟ್ ಎರಡು ಮಹಡಿ ಮಧ್ಯೆ ನಿಂತುಬಿಟ್ಟಿತ್ತು. ಒಳಗೆ ಒಬ್ಬ ಅಜ್ಜಿ, ಉಸಿರು ಕಟ್ತಾ ಇದೆ ಅಂತ ಕೂಗ್ತಿದ್ರು. ವಾಚ್‌ಮನ್ ಬಾಗಿಲಿಗೆ ಕೋಲಲ್ಲಿ ಬಡೀತಿದ್ದ. ಬಡಿದ್ರೆ ಲಿಫ್ಟ್ ಇಳಿಯುತ್ತೇನೋ ಪುಣ್ಯಾತ್ಮ? ಇಪ್ಪತ್ತೆರಡು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದೋನು ನಾನು. ಲಿಫ್ಟ್ ಬಾಗಿಲಿನ ಕೀ ಇವತ್ತಿಗೂ ಮನೆ ಕೀ ಗೊಂಚಲಲ್ಲೇ ಇದೆ. ಮೇನ್ ಸ್ವಿಚ್ ಆಫ್ ಮಾಡಿಸಿದೆ. ಊರುಗೋಲು ಗೋಡೆಗೆ ಒರಗಿಸಿದೆ. ಆಮೇಲೆ ಬೆನ್ನು ಅನ್ನೋದೊಂದಿದೆ ಅಂತಾನೇ ಮರೆತುಹೋಯ್ತು. ಮಂಡಿಯೂರಿದೆ, ಬಾಗಿಲು ಭುಜದಲ್ಲಿ ತಳ್ಳಿ ಹಿಡಿದೆ, ಅಜ್ಜೀನ ಇಳಿಸಿದೆ. ಸುತ್ತ ನಿಂತಿದ್ದೋರು ಚಪ್ಪಾಳೆ ತಟ್ಟಿದ್ರು. ಅದರಲ್ಲಿ ಒಬ್ರು ನನ್ನ ತಪಾಸಣೆ ಮಾಡಬೇಕಿದ್ದ ಅಧಿಕಾರೀನೇ. ಭೇಷ್ ಅಂತ ಬೆನ್ನು ಬೇರೆ ತಟ್ಟಿದ್ರು.

ಆಮೇಲೆ ಒಂಬತ್ತು ದಿನ ಹಾಸಿಗೆ. ಅದನ್ನ ನೋಡೋಕೆ ಯಾವ ಅಧಿಕಾರೀನೂ ಬರಲಿಲ್ಲ.

ಮಾರ್ಚ್ 5, ಗುರುವಾರ

ಉಚಿತ ಕಾನೂನು ಸಲಹೆ ಕೇಂದ್ರ. ಮನೆ ಇರೋದು ಮೂರನೇ ಮಹಡೀಲಿ — ಲಿಫ್ಟ್ ಮೆಕ್ಯಾನಿಕ್ ಮನೆಗೆ ಲಿಫ್ಟಿಲ್ಲ, ನಗೋರು ನಗಬಹುದು. ನಲವತ್ತಾರು ಮೆಟ್ಟಿಲು ಇಳಿಯೋಕೆ ಅರ್ಧ ಗಂಟೆ. ಅಲ್ಲಿ ಒಬ್ಬ ಹೆಂಗಸು, ಮೇಜಿನ ತುಂಬ ಫೈಲು, ಕನ್ನಡಕ ಹಣೆ ಮೇಲೆ. ಎಲ್ಲರೂ ಅರ್ಜಿಯಮ್ಮ ಅಂತಾರೆ. ಆಕೆಗೂ ಗೊತ್ತು, ಬೇಜಾರಿಲ್ಲ.

ಕಾಗದ ಓದಿ ಅರ್ಜಿಯಮ್ಮ ನನ್ನನ್ನೇ ದುರುಗುಟ್ಟಿ ನೋಡಿದ್ರು.

"ಅಲ್ರೀ, ಆ ಒಂದು ದಿನ ಸುಮ್ನೆ ನಿಂತಿರೋಕಾಗಲಿಲ್ವಾ ನಿಮಗೆ?"

"ಒಳಗೆ ಜನ ಇದ್ರು ಮೇಡಂ."

"ಸರಿ ಬಿಡಿ. ಏಪ್ರಿಲ್ ಹತ್ತರೊಳಗೆ ಮೇಲ್ಮನವಿ ಹಾಕೋಣ. ನೀವು ಹೇಳೋದೆಲ್ಲಾ ಬರೀ ಬಾಯಿಮಾತು. ನನಗೆ ಕಾಗದ ಬೇಕು."

ಬೇಕಾಗಿದ್ದು: ಡಾಕ್ಟರ ಹಳೇ ದಾಖಲೆ. ಹೊಸ ಸ್ಕ್ಯಾನ್. ಕೆಲಸದಲ್ಲಿ ನಾನು ಬಿದ್ದು ಬೆನ್ನು ಕೆಡಿಸ್ಕೊಂಡ ದಿನ ಕಂಪನಿ ರಿಜಿಸ್ಟರಲ್ಲಿ ಏನು ಬರೆದಿದಾರೆ, ಅದರ ನಕಲು. ಯಾರಾದ್ರೂ ನೋಡಿದೋರು.

ಭತ್ಯೆ ಬಂದ್ರೆ ಇವಳು ಸಂಜೆ ಕೆಲಸ ಬಿಡಬಹುದು. ಬೆಳಿಗ್ಗೆ ಲಾಂಡ್ರೀಲಿ ಆಸ್ಪತ್ರೆ ಬೆಡ್‌ಶೀಟ್, ಸಂಜೆ ಆಫೀಸುಗಳ ನೆಲ ಒರೆಸೋದು. ಐವತ್ತೊಂದು ವಯಸ್ಸು. ಮೊಣಕಾಲು ಊದಿ ಬನ್ನಿನ ಹಾಗಾಗಿದೆ. ಕೇಳಿದ್ರೆ, ಏನಿಲ್ಲ ಸ್ವಲ್ಪ ನೀರು ತುಂಬಿದೆ ಅಂತಾಳೆ. ನನಗೆ ಬೇರೇನೂ ಬೇಡ. ಅವಳು ಸಂಜೆ ಮನೇಲಿ ಕಾಲು ಚಾಚಿ ಕೂತಿರೋದನ್ನ ನೋಡಬೇಕು, ಅಷ್ಟೇ.

ಮಾರ್ಚ್ 9, ಸೋಮವಾರ

ಕ್ಲಿನಿಕ್. ಡಾಕ್ಟರು ಒಳ್ಳೇ ಮನುಷ್ಯ. ನನ್ನ ಚೀಟಿಗಳನ್ನೆಲ್ಲಾ ಮೇಜಿನ ಮೇಲೆ ಹರಡಿದ್ರು. ಬಿದ್ದ ಮೇಲೆ ಹದಿನಾಲ್ಕು ತಿಂಗಳು ಕೆಲಸಕ್ಕೆ ಹೋದ್ನಲ್ಲ, ಆಗ ಹೆಚ್ಚುಕಮ್ಮಿ ಪ್ರತಿ ತಿಂಗಳು ಚೀಟಿ ಬರೆಸ್ತಿದ್ದೆ. ಒಂದೊಂದರಲ್ಲೂ ಒಂದೇ ಸಾಲು — "ಆರಾಮಾಗಿದ್ದೇನೆ ಎನ್ನುತ್ತಾರೆ."

"ನೀವು ಹೇಳಿದ್ದನ್ನೇ ಬರೆದಿದೀನಿ" ಅಂದ್ರು, ಪಾಪ, ತಪ್ಪು ತಮ್ಮದೇ ಅನ್ನೋ ಹಾಗೆ.

ಹೌದು, ನಾನೇ ಹೇಳಿದ್ದು. ನೋವು ಅಂತ ಚೀಟಿ ಹೋದ್ರೆ ಕಂಪನೀಲಿ ಲಿಫ್ಟ್ ಕೆಲಸದಿಂದ ತೆಗೆದು ಗೇಟಲ್ಲಿ ಕೂರಿಸ್ತಿದ್ರು, ರಿಜಿಸ್ಟರ್ ಬರೆಯೋಕೆ. ಸ್ಪಾನರ್ ಹಿಡಿದ ಕೈ. ಗೇಟಲ್ಲಿ ಕೂರೋ ಬದಲು ಸಾಯ್ತೀನಿ ಅಂದ್ಕೊಂಡಿದ್ದೆ. ದೊಡ್ಡ ಮನುಷ್ಯ.

ಎಣಿಸಿದೆ. ಹನ್ನೊಂದು ಸಲ ಆರಾಮ.

ಮಾರ್ಚ್ 10

ಏನೂ ಮಾಡಲಿಲ್ಲ.

ಮಾರ್ಚ್ 16, ಸೋಮವಾರ. ಸಂಜೆ 6

ಜೋಡಿ ಬಂದಿದ್ದ. ನಮ್ಮ ಕೆಲಸದಲ್ಲಿ ಒಬ್ಬನೇ ಹೋಗೋ ಹಾಗಿಲ್ಲ, ಒಬ್ಬ ಲಿಫ್ಟಿನ ನೆತ್ತಿ ಮೇಲಿದ್ರೆ ಇನ್ನೊಬ್ಬ ಸ್ವಿಚ್ ಹತ್ರ. ಒಂಬತ್ತು ವರ್ಷ ಅವನೇ ನನ್ನ ಜೋಡಿ. ಈಗಲೂ ಗುರೂ ಅಂತಾನೇ ಕರೀತಾನೆ. ಕಂಪನಿ ರಿಜಿಸ್ಟರ್ ಕದ್ದು ನೋಡಿ ಬಂದಿದಾನೆ.

"ಖಾಲಿ ಗುರೂ. ಆ ದಿನ ಏನೂ ಇಲ್ಲ."

ಗೊತ್ತಿತ್ತು.

ಎರಡೂವರೆ ವರ್ಷದ ಹಿಂದೆ. ಶೆಡ್ಡಿನ ಗೋಡೇಲಿ ಬೋರ್ಡು — ಅಪಘಾತವಿಲ್ಲದ ದಿನಗಳು: 361. ಮುನ್ನೂರ ಅರವತ್ತೈದಾದ್ರೆ ಇಡೀ ತಂಡಕ್ಕೆ ಒಂದು ವಾರ ರಜೆ. ಹದಿನೆಂಟು ಜನ ಆ ಬೋರ್ಡನ್ನೇ ನೋಡ್ಕೊಂಡು ಬದುಕ್ತಿದ್ವಿ. ಅವತ್ತು ಲಿಫ್ಟಿನ ನೆತ್ತಿಯಿಂದ ಕಾಲು ಜಾರಿ ಕೆಳಗಿನ ಗುಂಡೀಗೆ ಬಿದ್ದೆ, ಅಂಡು ಮೊದಲು. ಸೂಪರ್‌ವೈಸರ್ ರಿಜಿಸ್ಟರ್ ತೆಗೆದೂ ಆಗಿತ್ತು. ಬರೀಬೇಡಿ ಸಾರ್, ಇನ್ನು ನಾಲ್ಕೇ ದಿನ ಅಂತ ನಾನೇ ಕೈ ಹಿಡಿದೆ. ಎಲ್ಲರೂ ನನ್ನನ್ನ ಹೆಗಲ ಮೇಲೆ ಹೊತ್ತುಕೊಳ್ಳೋದೊಂದು ಬಾಕಿ. ರಜೆ ಸಿಕ್ತು. ಅವರು ಊರು ಸುತ್ತಿದ್ರು, ನಾನು ಬೋರಲು ಮಲಗಿದ್ದೆ.

ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡಿದ್ದು. ಅದೂ ನಗ್ತಾ ನಗ್ತಾ.

"ನಾನು ನೋಡಿದೀನಲ್ಲ, ಬಂದು ಹೇಳ್ತೀನಿ" ಅಂದ ಜೋಡಿ.

"ಹೇಳಿದ್ರೆ ರಿಜಿಸ್ಟರ್ ಸುಳ್ಳು ಅಂತಾಗುತ್ತೆ. ನಿನ್ನ ಕೆಲಸ ಹೋಗುತ್ತೆ ಕಣೋ."

ಕಾಫಿ ಪೂರ್ತಿ ಕುಡೀದೆ ಎದ್ದು ಹೋದ.

ಮಾರ್ಚ್ 27, ಶುಕ್ರವಾರ

ಹತ್ತು ದಿನ ಬರೆದಿಲ್ಲ. ಸ್ಕ್ಯಾನಿಗೆ ಅಂತ ಹೋಗಿ ಬಂದಿದ್ದು, ಮೆಟ್ಟಿಲು ಹತ್ತುವಾಗ ಬಲಗಾಲು ಸತ್ತೇ ಹೋಯ್ತು. ಎರಡನೇ ಮಹಡಿಯಿಂದ ಕೂತ್ಕೊಂಡೇ ಹಿಂದಕ್ಕೆ ಹಿಂದಕ್ಕೆ ಹತ್ತಿದೆ. ಆಮೇಲೆ ಹಾಸಿಗೆ.

ಇವಳೇ ಎಲ್ಲಾ ಮಾಡಿದ್ದು. ಎಲ್ಲಾ ಅಂದ್ರೆ ಎಲ್ಲಾ. ಲಾಂಡ್ರಿಗೆ ಹೋಗೋ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ. ಒದ್ದೆ ಬಟ್ಟೆ, ಬಕೆಟ್ಟು, ಪೌಡರ್ರು. ನಾನು ಗೋಡೆ ಕಡೆ ಮುಖ ಮಾಡ್ಕೊಂಡಿರ್ತೀನಿ. ಅವಳು ಬೇಕಂತಲೇ ಏನಾದ್ರೂ ಮಾತಾಡ್ತಾ ಇರ್ತಾಳೆ, ಲಾಂಡ್ರಿ ಮೇಲ್ವಿಚಾರಕನ ವಿಗ್ ಹಬೆಗೆ ಮೇಲೆದ್ದಿದ್ದು, ಅಂಥದ್ದು. ನಕ್ಕೆ. ನಗುವಾಗಲೇ ಅಳು ಬಂತು. ಅವಳಿಗೆ ಗೊತ್ತಾಯ್ತು, ಗೊತ್ತಾಗದ ಹಾಗೆ ಇದ್ದಳು.

ನಾಚಿಕೆ. ಬೇರೆ ಪದ ಇಲ್ಲ.

ಸ್ಕ್ಯಾನ್ ರಿಪೋರ್ಟ್: "ವಯೋಸಹಜ ಸವೆತವೂ ಇರಬಹುದು." ನನಗೆ ಐವತ್ನಾಲ್ಕು. ಆ ಇರಬಹುದು ಅನ್ನೋದನ್ನ ಬರೆದೋನ ಕೈಗೊಂದು ನಮಸ್ಕಾರ.

ಏಪ್ರಿಲ್ 2, ಗುರುವಾರ

ಅರ್ಜಿಯಮ್ಮನ ಐಡಿಯಾ — ಲಿಫ್ಟಲ್ಲಿ ಸಿಕ್ಕಿಕೊಂಡಿದ್ದ ಅಜ್ಜೀನ ಹುಡುಕೋದು. ಅವರನ್ನ ಇಳಿಸಿದ ಮೇಲೆ ನಾನು ಅಲ್ಲೇ ಬೆಂಚಿನ ಮೇಲೆ ನೋವಲ್ಲಿ ಬಿದ್ದುಕೊಂಡಿದ್ದು ಅವರಾದ್ರೂ ನೋಡಿರಬಹುದು ಅಂತ. ವಾಚ್‌ಮನ್ ಮೂಲಕ ಸಿಕ್ಕಿದ್ರು. ಫೋನಲ್ಲೇ ಅತ್ತುಬಿಟ್ರು. ಎರಡು ಪುಟ ಕಾಗದ ಕಳಿಸಿದಾರೆ, ಮುತ್ತಿನಂಥ ಅಕ್ಷರ.

"ನನ್ನನ್ನು ಎಳೇ ಮಗುವಿನಂತೆ ಎರಡು ಕೈಯಲ್ಲಿ ಎತ್ತಿಕೊಂಡರು. ಅಂಥ ಗಟ್ಟಿ ಆಳನ್ನು ನಾನು ಕಂಡಿಲ್ಲ. ದೇವರು ಅವರಿಗೆ ಇದೇ ಶಕ್ತಿ ನೂರು ವರ್ಷ ಕೊಡಲಿ."

ಬೆಂಚಿನ ಸುದ್ದಿಯೇ ಇಲ್ಲ. ಅರ್ಜಿಯಮ್ಮ ಓದಿ ಕನ್ನಡಕ ತೆಗೆದಿಟ್ರು. ಆಮೇಲೆ ಇಬ್ರೂ ನಕ್ಕಿದ್ದೇ ನಕ್ಕಿದ್ದು. ಪಕ್ಕದ ಮೇಜಿನೋರು ಎದ್ದು ಬಂದು ನೋಡಿದ್ರು.

ಕಾಗದ ಫೈಲಿಗೆ ಹಾಕಲಿಲ್ಲ. ಮನೇಲಿಟ್ಕೊಂಡಿದೀನಿ. ಹರಿಯೋಕೆ ಮನಸ್ಸು ಬರಲಿಲ್ಲ.

ಏಪ್ರಿಲ್ 8

ಮೇಲ್ಮನವಿ ಹಾಕಿ ಆಯ್ತು. ಫೈಲ್ ದಪ್ಪ ಇದೆ. ಒಳಗೇನಿದೆ ಅಂತ ನನಗೆ ಗೊತ್ತಲ್ಲ.

ಮೇ 19, ಮಂಗಳವಾರ

ವಿಚಾರಣೆ ಜೂನ್ 4ಕ್ಕೆ. ಮಧ್ಯೆ ಬರೆಯೋಕೆ ಏನೂ ಇರಲಿಲ್ಲ. ಎದ್ದೆ, ಕೂತೆ, ಮಲಗಿದೆ. ಈ ಮೂರರಲ್ಲಿ ಎದ್ದೆ ಅನ್ನೋದು ಸ್ವಲ್ಪ ಉತ್ಪ್ರೇಕ್ಷೆ.

ಅರ್ಜಿಯಮ್ಮ ಮನೆಗೇ ಬಂದಿದ್ರು. ಇವಳನ್ನ ಎದುರು ಕೂರಿಸ್ಕೊಂಡು ಪಾಠ.

"ಕಾಗದ ನಮ್ಮ ಕಡೆ ಇಲ್ಲಮ್ಮ. ಇನ್ನು ನೀವೇ ಸಾಕ್ಷಿ. ಮನೇಲಿ ಏನೇನು ಮಾಡ್ತೀರೋ ಒಂದೂ ಮುಚ್ಚಿಡದೆ ಹೇಳಿ. ಸ್ನಾನ, ಕಕ್ಕಸು, ಎಲ್ಲಾ."

"ಹೇಳ್ತೀನಿ" ಅಂದಳು ಇವಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಇದ್ದಳು.

ಜೂನ್ 4, ಗುರುವಾರ. ಮಧ್ಯಾಹ್ನ 3

ಬಂದ್ವಿ ಮನೆಗೆ. ಅವಳು ಅಡುಗೆಮನೇಲಿ ಪಾತ್ರೆ ಉಜ್ಜುತಿದಾಳೆ, ತೊಳೆದಿದ್ದನ್ನೇ ಮತ್ತೆ. ಮರೆಯೋ ಮುಂಚೆ ಬರೀಬೇಕು.

ಮೂರು ಜನ ಕೂತಿದ್ರು. ನನ್ನನ್ನ ಕೇಳಿದ್ದೆಲ್ಲಾ ಲಿಫ್ಟಿನ ವಿಷಯಾನೇ. ಆಗ ಬಾಗಿಲು ತೆಗೆದು ಬಂದ ನೋಡು ಜೋಡಿ. ಇಸ್ತ್ರಿ ಮಾಡಿದ ಅಂಗಿ, ತಲೆ ಬಾಚಿಕೊಂಡು. ನಾನು ಕರೆದಿರಲಿಲ್ಲ. ಅರ್ಜಿಯಮ್ಮನ ಹತ್ರ ತಾನೇ ಹೋಗಿ ಹೆಸರು ಬರೆಸಿದಾನೆ. ನಿಂತ್ಕೊಂಡು ಹೇಳಿದ — ಇವರು ಬಿದ್ದಿದ್ದು ನಾನು ಕಣ್ಣಾರೆ ಕಂಡಿದೀನಿ, ರಿಜಿಸ್ಟರ್ ಸುಳ್ಳು, ನಾವೆಲ್ಲಾ ಸೇರಿ ಮಾಡಿದ ಸುಳ್ಳು. ಮೂರೂ ಜನ ಬರ್ಕೊಂಡ್ರು. ಗೆದ್ವಿ ಅಂದ್ಕೊಂಡೆ. ನಿಜವಾಗ್ಲೂ ಅಂದ್ಕೊಂಡೆ.

ಅವನು ಹೋಗಿ ಹಿಂದಿನ ಕುರ್ಚೀಲಿ ಕೂತ.

ಆಮೇಲೆ ಇವಳ ಸರದಿ. ಮಧ್ಯದಲ್ಲಿದ್ದ ಹಿರಿಯಾಕೆ ಮೆತ್ತಗೇ ಕೇಳಿದ್ರು, "ಮನೇಲಿ ಇವರ ಸ್ನಾನ, ಬಟ್ಟೆ, ಬಾತ್‌ರೂಮು ಎಲ್ಲಾ ಯಾರು ನೋಡ್ಕೊಳ್ತಾರಮ್ಮ?"

ಇವಳು ಬಾಯಿ ತೆಗೆದಳು. ತಿರುಗಿ ಜೋಡೀನ ನೋಡಿದಳು. ಗುರೂ ಅನ್ನೋನು. ಆಮೇಲೆ ನನ್ನನ್ನ ನೋಡಿದಳು. ನಾನು ಏನು ಮುಖ ಮಾಡಿದ್ನೋ ದೇವರಿಗೇ ಗೊತ್ತು.

"ಅವರೇ ಮಾಡ್ಕೋತಾರೆ" ಅಂದಳು.

"ಸಹಾಯ ಬೇಕಾಗಲ್ವಾ?"

"ಏನೂ ಬೇಡ. ಅವರು ಯಾರ ಮುಂದೇನೂ ಕೈ ಚಾಚೋರಲ್ಲ."

ಅರ್ಜಿಯಮ್ಮ ಕಣ್ಣು ಮುಚ್ಕೊಂಡ್ರು.

ಜೂನ್ 5

ಬೆಳಿಗ್ಗೆ ಬೆನ್ನು ಒರೆಸುವಾಗ ಕೇಳಿದಳು, "ರೀ, ನಾನು ಹೇಳಿದ್ದರಿಂದ ಕೆಟ್ಟುಹೋಯ್ತಾ?"

"ಇಲ್ಲ ಕಣೇ. ಹುಚ್ಚಿ."

"ಅವನ ಮುಂದೆ ನಿಮ್ಮ ಮರ್ಯಾದೆ... ಬಾಯೇ ಬರಲಿಲ್ಲ."

"ನಾನು ಹನ್ನೊಂದು ಸಲ ಹೇಳಿದೀನಿ, ನೀನು ಒಂದು ಸಲ ಹೇಳಿದ್ದಕ್ಕೇನಂತೆ" ಅಂದೆ. ಅವಳಿಗೆ ಅರ್ಥ ಆಗಲಿಲ್ಲ. ಒರೆಸ್ತಾ ಇದ್ದಳು.

ಜೂನ್ 12

ಜೋಡೀನ ಕಂಪನಿ ಕೆಲಸದಿಂದ ತೆಗೆದಿದೆ. ಫೋನ್ ಮಾಡಿದ್ದ. ತಲೆ ಕೆಡಿಸ್ಕೋಬೇಡಿ ಗುರೂ, ನಿಮ್ಮದೊಂದು ಆಗ್ಲಿ ಸಾಕು ಅಂದ.

ಜೂನ್ 23, ಮಂಗಳವಾರ. ಸಂಜೆ 4.30

ಬಂತು. ಪಕ್ಕದ ಮನೆಯಾಕೆ ಕೈಗೆ ಕೊಟ್ಟು ಹೋದ್ರು. ವಜಾ.

ಬಿದ್ದಿದ್ದು ನಿಜ ಅಂತ ಒಪ್ಪಿದಾರೆ. ಜೋಡಿ ಮಾತು ನಂಬಿದಾರೆ! "ಆದಾಗ್ಯೂ ಪತ್ನಿಯ ಸ್ಪಷ್ಟ ಹೇಳಿಕೆಯ ಪ್ರಕಾರ ಅರ್ಜಿದಾರರು ದೈನಂದಿನ ಎಲ್ಲ ಕೆಲಸಗಳನ್ನು ಸ್ವತಃ ಮಾಡಿಕೊಳ್ಳುತ್ತಾರಾದ್ದರಿಂದ..." ಇಷ್ಟೇ ಕಾರಣ. ಬೇರೆ ಒಂದೂ ಇಲ್ಲ. ಇನ್ನು ಮೇಲೆ ಹೋಗೋ ಬಾಗಿಲೂ ಇಲ್ಲವಂತೆ.

ಇವಳು ಇದನ್ನ ಓದಬಾರದು. ಇಡೀ ಜನ್ಮ ನೆಲ ಒರೆಸ್ತಾ ಇದನ್ನೇ ನೆನೀತಾಳೆ. ಲಿಫ್ಟಿನ ವಿಷಯಕ್ಕೇ ಹೋಯ್ತು ಅಂತೀನಿ. ಬೈದ್ರೆ ನನ್ನನ್ನ ಬೈಲಿ.

4.50

ಕಾಗದಾನ ಹಾಸಿಗೆ ಅಡಿ ತೂರಿಸೋಕೆ ಹೋದೆ. ಕೈ ಜಾರಿ ಗೋಡೆ ಸಂದಿಯಿಂದ ಕೆಳಗೆ ಬಿತ್ತು. ಮಂಚದ ಕೆಳಗಿಂದ ಅರ್ಧ ಆಚೆ ಬಂದಿದೆ, ನೆಲದ ಮೇಲೆ ಬೆಳ್ಳಗೆ ಕಾಣ್ತಿದೆ. ಊರುಗೋಲಲ್ಲಿ ಒಳಗೆ ತಳ್ಳಿದೆ. ಮಗುಚಿಕೊಂಡು ಇನ್ನೂ ಆಚೆ ಬಂತು, ಅಕ್ಷರ ಮೇಲಾಗಿ.

ಬಗ್ಗೋಕಾಗ್ತಿಲ್ಲ. ಮೂರು ಸಲ ನೋಡಿದೆ. ಆಗ್ತಿಲ್ಲ.

ಕೆಳಗೆ ಗೇಟ್ ಶಬ್ದ. ಇವತ್ತು ಬೇಗ ಬಂದಿದಾಳೆ. ಮೊಣಕಾಲು ನೋವು, ನಿಧಾನ ಹತ್ತುತ್ತಾಳೆ. ಮೊದಲನೇ ಮಹಡಿ. ನಿಂತಳು. ಇನ್ನೊಂದು ಸಲ ನೋಡ್ತೀನಿ, ಮಂಡಿಯೂರಿ...

ಎರಡನೇ ಮಹಡಿ