ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

ಬೆಟಗೇರಿ, ಗದಗ
ಆಷಾಢ ಮೂವತ್ತೆಂಟು, ೨೧೫೭

ವಿನುತಾ ಆಯಿ, ನನ್ನ ಮದುವೆ ಆಯಿತು, ಅದೂ ನೀವೇ ಹೊಲಿದ ಖಣದ ಕುಪ್ಪಸ ತೊಟ್ಟು!

ಮೊದಲು ನಮಸ್ಕಾರ, ಆಮೇಲೆ ಕ್ಷೇಮ ಸಮಾಚಾರ, ಕೊನೆಗೆ ವಿಷಯ ಎಂದು, ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ಕಾಲಟಪಾಲಿನ ಕಚೇರಿಯವರು ಕ್ರಮ ಹೇಳಿಕೊಟ್ಟಿದ್ದರು. ನನ್ನಿಂದ ಆಗಲಿಲ್ಲ, ಕ್ಷಮಿಸಿ. ಈಗ ಸರಿಯಾಗಿ ಹೇಳುತ್ತೇನೆ. ನಾನು ನೀಲಗಂಗವ್ವ, ನಿಮ್ಮ ಮಗಳ ಮೊಮ್ಮಗಳ ಮಗಳು. ನಿಮಗೆ ಇನ್ನೂ ಮಗಳಿಲ್ಲ ಎಂಬುದು ಗೊತ್ತು. ಚಿನ್ನದ ದರ, ಚುನಾವಣೆ, ಯಾರ ಆಯುಷ್ಯ ಎಷ್ಟು, ಇವನ್ನೆಲ್ಲ ಹಿಂದಿನವರಿಗೆ ಬರೆಯುವಂತಿಲ್ಲ. ಆದರೆ ಬರೆಯುತ್ತಿರುವವಳೇ ನಾನಾದ್ದರಿಂದ ನಿಮಗೊಬ್ಬ ಮಗಳು ಹುಟ್ಟುತ್ತಾಳೆ ಎಂಬುದನ್ನು ಮುಚ್ಚಿಡಲು ಟಪಾಲಿನವರಿಗೂ ಸಾಧ್ಯವಾಗಲಿಲ್ಲ. ನಿಮಗೆ ಈಗ ಇಪ್ಪತ್ತಾರು, ನನಗೆ ಇಪ್ಪತ್ತೆಂಟು. ನನಗಿಂತ ಚಿಕ್ಕವರನ್ನು ಆಯಿ ಎನ್ನುವಾಗ ನಗು ಬರುತ್ತದೆ, ಆದರೆ ಹೆಸರು ಹಿಡಿದು ಕರೆದರೆ ನಮ್ಮವ್ವ ಬಿಡುವುದಿಲ್ಲ. ನನ್ನ ಹೆಸರು ಓದಿ ನೀವೂ ನಕ್ಕಿರಬೇಕು. ನಮ್ಮ ಕಾಲದಲ್ಲಿ ಇಂಥ ಹಳೆಯ ಹೆಸರೇ ಹೊಸ ಫ್ಯಾಷನ್. ಶಾಲೆ ನನಗೆ ಪೂರ್ತಿ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯಲು ಕಲಿತದ್ದು ನಿಶ್ಚಯವಾದ ಮೇಲೆ, ನನ್ನ ಗಂಡ ಚನ್ನವೀರನಿಂದ. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಅರ್ಧ ತಪ್ಪು ನನ್ನದು, ಅರ್ಧ ನಮ್ಮಿಬ್ಬರ ನಡುವಿನ ನೂರು ಚಿಲ್ಲರೆ ವರ್ಷಗಳದು. ಚನ್ನವೀರನದು ಏನೂ ಇಲ್ಲ!

ತಾರೀಖು ನೋಡಿ ಗಾಬರಿಯಾಗಬೇಡಿ. ಗಾಳಿ ನಿಲ್ಲುವ ತನಕ ಆಷಾಢ ಮುಗಿಯಿತೆಂದು ನಮ್ಮ ಪಂಚಾಂಗದವರು ಸಾರುವುದಿಲ್ಲ. ಕಳೆದ ವರ್ಷ ಅದು ನಲವತ್ತೊಂದಕ್ಕೆ ಮುಗಿಯಿತು. ಬೇರೆ ಯಾರಿಗೂ ಇದರಿಂದ ತೊಂದರೆಯಿಲ್ಲ, ಹೊಸದಾಗಿ ಮದುವೆಯಾದವರನ್ನು ಬಿಟ್ಟು. ಮೊದಲ ಆಷಾಢಕ್ಕೆ ಹೆಣ್ಣು ತವರಿಗೆ ಬರುವ ರೂಢಿ ಹಾಗೆಯೇ ಉಳಿದಿದೆ. ಮೂವತ್ತೆಂಟು ದಿನದಿಂದ ಚನ್ನವೀರ ಗುಳೇದಗುಡ್ಡದಲ್ಲಿ, ನಾನು ಇಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಅಂಗಳಕ್ಕೆ ಹೋಗಿ ಬೇವಿನ ಎಲೆ ಅಲ್ಲಾಡುತ್ತಿದೆಯೇ ಎಂದು ನೋಡುತ್ತೇನೆ. ಅಲ್ಲಾಡುತ್ತಲೇ ಇರುತ್ತದೆ.

ಇನ್ನು ನಮ್ಮ ಬಟ್ಟೆಯ ವಿಷಯ. ಇದು ತಿಳಿಯದಿದ್ದರೆ ಉಳಿದದ್ದು ಅರ್ಥವಾಗದು. ನಮ್ಮ ಪ್ರತಿ ಮನೆಯ ಮೂಲೆಯಲ್ಲೂ ಒಂದು ಉಡುಗೂಡು ಇರುತ್ತದೆ. ಒಬ್ಬರು ನಿಲ್ಲುವಷ್ಟೇ ಜಾಗ. ಬೆಳಿಗ್ಗೆ ಸ್ನಾನ ಮುಗಿಸಿ ಅದರೊಳಗೆ ಕೈ ಅಗಲಿಸಿ ನಿಂತರೆ ಎಳೆಯ ಮಂಜು ಸುರಿದು ಮೈಮೇಲೆಯೇ ಬಟ್ಟೆಯಾಗುತ್ತದೆ. ಇವತ್ತು ಹಸಿರು ಬೇಕೆಂದರೆ ಹಸಿರು, ತುಂಬುತೋಳು ಬೇಕೆಂದರೆ ತುಂಬುತೋಳು. ಸಂಜೆ ಎರಡು ಚೊಂಬು ಬೆಚ್ಚಗಿನ ನೀರು ಸುರಿದುಕೊಂಡರೆ ಕರಗಿ ಹೋಯಿತು. ಒಗೆಯುವುದಿಲ್ಲ, ಇಸ್ತ್ರಿ ಇಲ್ಲ, ಕಪಾಟು ಇಲ್ಲ. ಕೇಳಲು ಎಷ್ಟು ಚೆಂದ ಅಲ್ಲವೇ? ಆದರೆ ಆಯಿ, ನಮಗೆ ಹಳೆಯ ಬಟ್ಟೆ ಎಂಬುದೇ ಇಲ್ಲ. ಅಕ್ಕನ ಲಂಗ ತಂಗಿಗೆ ಬರುವುದಿಲ್ಲ. ಮಡಕೆ ಹಿಡಿದು ಇಳಿಸಲು ಮನೆಯಲ್ಲಿ ಒಂದು ಚಿಂದಿ ಸಿಗುವುದಿಲ್ಲ. ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಯನ್ನು ನಾನು ವಸ್ತುಸಂಗ್ರಹಾಲಯದಲ್ಲಿ ಗಾಜಿನ ಆಚೆಯಿಂದ ನೋಡಿದವಳು. ಹಾಗಾಗಿಯೇ ಇರಬೇಕು, ನಮ್ಮ ಕಡೆ ಮದುವೆಗೊಂದು ಶಾಸ್ತ್ರ ಹುಟ್ಟಿಕೊಂಡಿದೆ. ಅವತ್ತು ವಧು ತನ್ನ ಮನೆಯವರ ಕೈಯಿಂದ ಹೊಲಿದ ಒಂದು ಬಟ್ಟೆಯನ್ನಾದರೂ ತೊಡಬೇಕು. ತೊಡುವ ಮೊದಲು ಅತ್ತೆ ಅದನ್ನು ತಿರುವಿ ಹಾಕಿ, ಎಲ್ಲ ಹೆಂಗಸರ ಎದುರು ಒಳಗಿನ ಹೊಲಿಗೆ ನೋಡುತ್ತಾಳೆ. ಇದಕ್ಕೆ ಒಳಮೈ ನೋಡುವುದು ಎಂದು ಹೆಸರು. ಹೆಚ್ಚಿನವರು ಒಂದು ಕರವಸ್ತ್ರಕ್ಕೆ ನಾಲ್ಕು ಹೊಲಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿ ಮುಗಿಸುತ್ತಾರೆ. ನಾನು ಮಾತ್ರ ನಿಶ್ಚಯದ ದಿನವೇ ಎಲ್ಲರೆದುರು ಹೇಳಿಬಿಟ್ಟೆ: "ನಾನ ಕುಪ್ಪಸ ಹೊಲಕೋತೀನಿ." ಸೂಜಿಗೆ ತೂತು ಯಾವ ಕಡೆ ಇರುತ್ತದೆ ಎಂಬುದೂ ನನಗೆ ಆಗ ಗೊತ್ತಿರಲಿಲ್ಲ.

ಅದೇ ದಿನ ನಮ್ಮತ್ತೆ ಶಾಂತವೀರವ್ವ ಕೈಮುಗಿಯಲೆಂದು ನಮ್ಮ ದೇವರಮನೆಗೆ ಹೋದರು. ಅಲ್ಲಿ ಲಿಂಗದ ಪಕ್ಕದಲ್ಲಿ ನಮ್ಮ ಮನೆಯ ಚಕ್ರದಮ್ಮ ಇದ್ದಾಳೆ, ವಿನುತಾ ಆಯಿಯ ಕಾಲದಿಂದ ಬಂದವಳು ಎಂದು ಮನೆಯವರ ಮಾತು. ಕಪ್ಪು ಕಬ್ಬಿಣದ ದೇವಿ, ಕೆಳಗೆ ಪಾದಪೀಠ, ಬಲಕ್ಕೆ ಚಕ್ರ. ಹಣೆಯ ಮೇಲೆ ತಲೆಮಾರುಗಳ ಕುಂಕುಮ ಒಂದರ ಮೇಲೊಂದು ಕೂತು ಗಟ್ಟಿಯಾಗಿದೆ. ಪ್ರತಿ ಶುಕ್ರವಾರ ಹೂ ಏರಿಸುತ್ತೇವೆ. ಪಕ್ಕದ ಪುಟ್ಟ ಡ್ರಾಯರಿನಲ್ಲಿ ಅಮ್ಮನ ಉಡಿ ಇದೆ, ಅದನ್ನು ತೆರೆಯಬಾರದು ಎಂದು ನಮ್ಮವ್ವನಿಗೆ ಅವಳವ್ವ ಹೇಳಿದ್ದಳು. ಅತ್ತೆ ಕೈಮುಗಿದವರು ಹಾಗೆಯೇ ನಿಂತರು, ಬಗ್ಗಿ ನೋಡಿದರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು.

"ಯವ್ವಾ, ಇದು ಹೊಲಿಗಿ ಮಷಿನ್ ಐತಿ!"

"ಹಂಗೆಲ್ಲ ಅನಬ್ಯಾಡ್ರಿ ಬೀಗರ. ನಮ್ಮಮ್ಮ ಭಾಳ ಜಾಗೃತ ಅದಾಳ," ಎಂದಳು ನಮ್ಮವ್ವ, ಕೆನ್ನೆ ಕೆನ್ನೆ ಬಡಿದುಕೊಂಡು.

ಅತ್ತೆ ಚಕ್ರಕ್ಕೆ ಕೈ ಹಚ್ಚಿದರು. ಕಿರ್ ಎಂದು ಸದ್ದಾಯಿತು, ಸೂಜಿಯ ಕಡ್ಡಿ ಮೇಲೆ ಹೋಗಿ ಕೆಳಗೆ ಬಂತು. ನಮ್ಮವ್ವ ಹೌಹಾರಿ ಕರ್ಪೂರ ಹಚ್ಚಿದಳು. ಆಯಿ, ನೀವು ಆಯುಧಪೂಜೆಗೆ ಹಚ್ಚಿದ ಕುಂಕುಮವನ್ನು ನೋಡಿ ನಿಮ್ಮ ನಂತರದವರು ಅದನ್ನು ದೇವರನ್ನೇ ಮಾಡಿಬಿಟ್ಟಿದ್ದರು! ಇದು ಗೊತ್ತಾದ ಮೇಲೂ ನಮ್ಮವ್ವ ಅಮ್ಮನನ್ನು ಕೆಳಗಿಳಿಸಲು ಒಪ್ಪಲಿಲ್ಲ. ಹೀಗಾಗಿ ನಾನು ದೇವರಮನೆಯಲ್ಲೇ, ಸ್ನಾನ ಮಾಡಿ, ಮಡಿಯಲ್ಲೇ ಹೊಲಿಗೆ ಕಲಿತೆ. ಅತ್ತೆಯ ತವರಿನಲ್ಲಿ ಇನ್ನೂ ಒಂದು ಮಗ್ಗ ನಡೆಯುತ್ತದೆ. ಅಲ್ಲಿಂದ ಒಂದೇ ಒಂದು ಕೆಂಪು ಖಣ ಬಂತು. ಅಷ್ಟು ನೇಯಲು ಅವರಿಗೆ ಒಂದು ಇಡೀ ಚಳಿಗಾಲ ಹಿಡಿದಿತ್ತಂತೆ.

ಎಷ್ಟು ಮಜಾ ಗೊತ್ತೇ, ಹೊಲಿಯುವುದು! ಕಾಲು ಒಂದು ಕಡೆ, ಕೈ ಒಂದು ಕಡೆ, ಬಟ್ಟೆ ತನಗಿಷ್ಟ ಬಂದ ಕಡೆ. ಮೊದಲ ವಾರ ಚಕ್ರ ಹಿಂದಕ್ಕೇ ತಿರುಗಿತು. ಆಮೇಲೊಂದು ದಿನ ಒಂದು ಗೆರೆ ನೆಟ್ಟಗೆ ಬಂತು ನೋಡಿ, ನಾನು ಆ ಚೂರನ್ನು ಊಟದ ತಟ್ಟೆಯ ಪಕ್ಕ ಇಟ್ಟುಕೊಂಡು ಉಂಡೆ. ಉಡುಗೂಡಿನಲ್ಲಿ ನಿಂತಾಗ ನನ್ನ ಮೈ ಎಷ್ಟಿದೆ ಎಂದು ಅದಕ್ಕೆ ಗೊತ್ತು, ನನಗೆ ಗೊತ್ತಿರಲಿಲ್ಲ. ದಾರ ಹಿಡಿದು ನನ್ನ ತೋಳು, ನನ್ನ ಬೆನ್ನು ಅಳೆದುಕೊಂಡಾಗ ಯಾರನ್ನೋ ಮೊದಲ ಸಲ ಭೇಟಿಯಾದಂತಾಯಿತು. ಆ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಆಗದಂತೆ ಖಣ ಕತ್ತರಿಸಿದೆ, ಹೊಲಿದೆ, ಅತ್ತೆ ಮತ್ತು ಚನ್ನವೀರ ಬಂದಾಗ ಹೆಮ್ಮೆಯಿಂದ ತೋರಿಸಿದೆ. ಅತ್ತೆ ಮುಂದೆ ನೋಡಿದರು, ಹಿಂದೆ ನೋಡಿದರು.

"ಅಲ್ಲವಾ ನೀಲಾ, ಇದರಾಗ ಹೋಗೂದು ಎಲ್ಲಿಂದ?"

ನಾನು ಕುಪ್ಪಸಕ್ಕೆ ಬಾಯಿಯನ್ನೇ ಇಟ್ಟಿರಲಿಲ್ಲ! ಎದೆಯ ಮೇಲೆ ಸುತ್ತ ಹೊಲಿದು ಮುಚ್ಚಿದ್ದೆ. ಹುಟ್ಟಿದಂದಿನಿಂದ ಬಟ್ಟೆಯನ್ನು ತೊಟ್ಟವಳಲ್ಲ, ಬಿಚ್ಚಿದವಳಲ್ಲ, ಅದಕ್ಕೊಂದು ದಾರಿ ಬೇಕೆಂದು ನನಗೆ ಹೊಳೆಯುವುದಾದರೂ ಹೇಗೆ? ನಡುವೆ ಸೀಳಿದರೆ ಹುಕ್ ಮಡಿಸಲು ಬಟ್ಟೆ ಉಳಿದಿರಲಿಲ್ಲ, ಎಲ್ಲವನ್ನೂ ಅಳತೆಗೆ ಸರಿಯಾಗಿ ಕತ್ತರಿಸಿ ಹಾಕಿದ್ದೆ.

"ಇದನ್ನ ತೊಡಬೇಕಂದ್ರ ನಿಮ್ಮವ್ವ ನಿನ್ನ ಇದರೊಳಗ ಹಡೀಬೇಕಿತ್ತು," ಎಂದರು ಅತ್ತೆ. ಚನ್ನವೀರ ನನ್ನ ಪರ ವಹಿಸಿದ. "ಇರ್ಲಿ ಬಿಡಬೇ, ಚಲೋ ಐತಿ. ದಿಂಬಿಗೆ ಹಾಕೂಣು." ಅವರೆದುರು ನಕ್ಕೆ. ಅವರು ಹೋದ ಮೇಲೆ ಚಕ್ರದಮ್ಮನ ಪಾದಪೀಠದ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಮದುವೆಗೆ ನಾಲ್ಕು ದಿನವಿತ್ತು, ಬೇರೆ ಖಣ ಇರಲಿಲ್ಲ. ಕರವಸ್ತ್ರ ಸಿಕ್ಕಿಸಿಕೊಂಡು ಕೂರಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಕೈಗೆ ಬಂದ ವಿದ್ಯೆಯನ್ನು ಹಾಗೆ ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ.

ಅಳುತ್ತ ಅಳುತ್ತಲೇ ಆ ಡ್ರಾಯರು ಎಳೆದೆ. ನಮ್ಮವ್ವ "ಏ, ಅಮ್ಮನ ಉಡಿ!" ಎಂದು ಕೂಗುವಷ್ಟರಲ್ಲಿ ಅದು ಕೈಗೆ ಬಂದಿತ್ತು. ಒಣಗಿದ ಬೇವಿನೆಲೆಯ ನಡುವೆ ನಿಮ್ಮ ಕುಪ್ಪಸ. ಅದೂ ಖಣವೇ. ನೀವು ಅದನ್ನು ಎಷ್ಟು ಪ್ರೀತಿಯಿಂದ ತೊಟ್ಟಿರಬೇಕು ಆಯಿ! ಒಗೆದು ಒಗೆದು ಕೆಂಪು ಹೋಗಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಹೆಗಲ ಮೇಲೆ ಅರಿಶಿನದ ಕಲೆ. ಹಾಕಿ ನೋಡಿದೆ, ಹುಕ್ಕುಗಳು ಒಂದನ್ನೊಂದು ಮುಟ್ಟಲಿಲ್ಲ. ನೀವು ತೆಳ್ಳಗೆ, ನಾನು ಉಂಡಿಪ್ರಿಯೆ. ಮತ್ತೆ ಬಿಚ್ಚಿ ತಿರುವಿ ಹಾಕಿದಾಗ ಕಂಡಿತು: ಎರಡೂ ಪಕ್ಕದಲ್ಲಿ ಎರಡೆರಡು ಬೆರಳಷ್ಟು ಬಟ್ಟೆಯನ್ನು ಒಳಗೆ ಬಿಟ್ಟಿದ್ದಿರಿ. ಮುಂದೆ ಯಾವಾಗಲಾದರೂ ಬಿಗಿಯಾದರೆ ಸಡಿಲಿಸಿಕೊಳ್ಳಲೆಂದು, ಒಂದರ ಪಕ್ಕ ಒಂದು ಸಾಲು ಹೊಲಿಗೆ ಹಾಕಿದ್ದಿರಿ. ನಮ್ಮ ಕಾಲದಲ್ಲಿ ಯಾರೂ ನಾಳೆಗೆಂದು ಬಟ್ಟೆ ಬಿಡುವುದಿಲ್ಲ, ನಮ್ಮ ಬಟ್ಟೆಗೆ ನಾಳೆಯೇ ಇಲ್ಲ. ನಾನು ಸೂಜಿಯ ತುದಿಯಿಂದ ಒಂದು ಸಾಲು ಬಿಚ್ಚಿದೆ. ಇನ್ನೊಂದು ಬಿಚ್ಚಿದೆ. ಒಳಗಿನ ಮಡಿಕೆ ಹೊರಗೆ ಬಂತು. ಬಿಸಿಲು ಕಾಣದ, ಸಾಬೂನು ಕಾಣದ ಆ ಖಣ ನೇಯ್ದ ದಿನದಂತೆ ಕೆಂಪಗೆ ಹೊಳೆಯುತ್ತಿತ್ತು. ನೀವು ಅಂಗಡಿಯಲ್ಲಿ ಇಷ್ಟಪಟ್ಟು ಆರಿಸಿದ ಬಣ್ಣವನ್ನು ನಾನು ಹಾಗೇ ಕಂಡೆ. ಆಮೇಲೆ ಅಂಚಿನಲ್ಲಿ ಉಳಿದ ನಿಮ್ಮ ಹೊಲಿಗೆಯ ಪಕ್ಕ ನನ್ನದೊಂದು ಸಾಲು ಹೊಲಿದೆ.

ಮದುವೆಯ ಬೆಳಿಗ್ಗೆ ಅತ್ತೆ ಹೆಂಗಸರ ನಡುವೆ ಕೂತು ಅದನ್ನು ತಿರುವಿ ಹಾಕಿದರು. ನನ್ನ ಎದೆ ಮಷಿನ್ನಿಗಿಂತ ಜೋರಾಗಿ ಓಡುತ್ತಿತ್ತು.

"ಯಾರ ಕೈ ಇದು?"

"ಅರ್ಧ ನಮ್ಮ ವಿನುತಾ ಆಯೀದು, ಅರ್ಧ ನಂದು."

ಅತ್ತೆ ಬೆಳಕಿಗೆ ಹಿಡಿದು ಬೆರಳು ಓಡಿಸಿದರು. "ಆಕೀದ್ಯಾವುದು, ನಿಂದ್ಯಾವುದು? ಎರಡೂ ಒಂದ ಕಡೆ ಸೊಟ್ಟ ಹೊಂಟಾವಲ್ಲವಾ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಜ ಆಯಿ, ನಿಮ್ಮ ಹೊಲಿಗೆ ಕಂಕುಳ ಹತ್ತಿರ ಬಂದಾಗ ಎಡಕ್ಕೆ ವಾಲುತ್ತದೆ. ನನ್ನದೂ ಅಲ್ಲೇ ವಾಲುತ್ತದೆ. ನಿಮ್ಮ ಮೂಗು ನನಗೆ ಬಂದಿದೆಯೋ ಇಲ್ಲವೋ, ಸೊಟ್ಟ ಹೊಲಿಗೆಯಂತೂ ಬಂದಿದೆ. ಅತ್ತೆ ಕೊನೆಗೆ ತಾವೇ ನನ್ನ ಹುಕ್ ಹಾಕಿದರು. ಇಟ್ಟಿಗೆ ಬಣ್ಣದ ಕುಪ್ಪಸ, ಎರಡೂ ಪಕ್ಕದಲ್ಲಿ ಹೊಸ ಕೆಂಪಿನ ಎರಡು ಪಟ್ಟಿ. ಚನ್ನವೀರ ತಾಳಿ ಕಟ್ಟುವಾಗ ಆ ಪಟ್ಟಿಯನ್ನೇ ನೋಡುತ್ತಿದ್ದ. ಇಲ್ಲ, ಸುಳ್ಳು, ನನ್ನನ್ನೇ ನೋಡುತ್ತಿದ್ದ!

ಇನ್ನು ನಾನು ನಿಜವಾಗಿ ಬರೆಯಲು ಕೂತ ವಿಷಯ. ಕಾಲಟಪಾಲಿನವರು ವಿಳಾಸ ಸರಿಯೇ ಎಂದು ಖಾತ್ರಿ ಮಾಡಿಕೊಳ್ಳಲು ಒಂದು ಕಿಂಡಿ ತೆರೆದು, ಪತ್ರ ತಲುಪುವ ಸಂಜೆಯನ್ನು ಒಂದೇ ಒಂದು ಗಳಿಗೆ ತೋರಿಸುತ್ತಾರೆ. ನಿನ್ನೆ ನಾನು ನಿಮ್ಮನ್ನು ನೋಡಿದೆ! ಹಾಸಿಗೆಯ ತುಂಬ ಚೂರು ಬಟ್ಟೆ, ತುಟಿಯಲ್ಲಿ ದಾರ, ಮಡಿಲಲ್ಲಿ ಅದೇ ಖಣ, ಹೊಲಿದು ಬಿಚ್ಚಿ ಸುಕ್ಕಾಗಿತ್ತು. ಬಾಗಿಲಲ್ಲಿ ನಿಮ್ಮ ಯಜಮಾನರು ಚಹಾದ ಕಪ್ ಹಿಡಿದು ನಿಂತಿದ್ದರು.

"ಸಾಕ್ ಬಿಡ ಮಾರಾಯ್ತಿ, ಬಜಾರಕ್ಕ ಹೋಗಿ ರೆಡಿಮೇಡ್ ತಂದ್ರಾತು. ಕಣ್ಣು ಹೋಗ್ತಾವ."

"ನನ್ನ ತೋಳು ಎಷ್ಟುದ್ದ ಅಂತ ಅಂಗಡ್ಯಾವಗೇನ್ ಗೊತ್ರೀ? ಇವತ್ತ ಮುಗಸಾಕೀನ ನಾನು," ಎಂದಿರಿ ನೀವು. ನಾನು ಕಿಂಡಿಯ ಈಚೆ ಚಪ್ಪಾಳೆ ತಟ್ಟಿದೆ. ಆಗ ನೀವು ಕುಪ್ಪಸವನ್ನು ತಿರುವಿದಿರಿ, ಪಕ್ಕದಲ್ಲಿ ಒಳಗೆ ಉಳಿದಿದ್ದ ಬಟ್ಟೆಯನ್ನು ನೋಡಿ ಮುಖ ಸಿಂಡರಿಸಿದಿರಿ. "ಇಷ್ಟ್ಯಾಕ ಒಳಗ? ದಪ್ಪ ಕಾಣತೈತಿ," ಎಂದು ಕತ್ತರಿ ಎತ್ತಿಕೊಂಡಿರಿ. ಕಿಂಡಿ ಮುಚ್ಚಿತು.

ನಾನು ಆ ಕಚೇರಿಯಲ್ಲಿ ಹೇಗೆ ಕೂಗಿದೆನೆಂದರೆ ಹೊರಗಿನ ಸಾಲಿನವರೆಲ್ಲ ತಿರುಗಿ ನೋಡಿದರು. ಆದದ್ದು ಆಗಿಯೇ ಇದೆ, ಬಟ್ಟೆ ಉಳಿದ ಕುಪ್ಪಸ ನನ್ನ ಕೈಯಲ್ಲೇ ಇದೆಯಲ್ಲ, ಹೆದರಬೇಕಿಲ್ಲ ಎಂದು ಅಲ್ಲಿಯವರು ಸಮಾಧಾನ ಮಾಡಿದರು. ಇರಬಹುದು. ಆದರೆ ಆ ಬಟ್ಟೆ ಉಳಿದದ್ದೇ ಈ ಪತ್ರದಿಂದ ಆಗಿದ್ದರೆ? ನಾನು ಸೋಮಾರಿತನ ಮಾಡಿ ಬರೆಯದಿದ್ದರೆ? ಅದಕ್ಕೇ ರಾತ್ರಿಯೊಳಗೆ ಮುಗಿಸಿ ಕೊಡುತ್ತಿದ್ದೇನೆ. ಈ ಪತ್ರ ನಿಮ್ಮ ಬಾಗಿಲ ಕೆಳಗಿನಿಂದ ಒಳಗೆ ಬರುವಾಗ ಕತ್ತರಿ ನಿಮ್ಮ ಕೈಯಲ್ಲೇ ಇರುತ್ತದೆ. ದಯವಿಟ್ಟು ಕೆಳಗಿಡಿ ಆಯಿ. ಆ ಎರಡು ಬೆರಳು ಬಟ್ಟೆ ಒಳಗೇ ಇರಲಿ. ದಪ್ಪ ಕಂಡರೆ ಕಾಣಲಿ. ಇಷ್ಟು ಯಾಕೆ ಒಳಗೆ ಎಂದು ಕೇಳಿದಿರಲ್ಲ, ನನಗೆ ಬೇಕು, ಅದಕ್ಕೆ.

ಕೊನೆಯ ಸುದ್ದಿ, ಇದನ್ನು ಬಚ್ಚಿಟ್ಟುಕೊಂಡು ಬರೆಯುವುದೇ ಕಷ್ಟವಾಗಿತ್ತು! ನಮ್ಮಲ್ಲಿ ಹೊಸ ದಂಪತಿಗೆ ಒಂದು ಸಲ ಹಿಂಬಂಡಿಯ ಪ್ರಯಾಣ ಸಿಗುತ್ತದೆ, ಹಿರಿಯರ ಕಾಲಿಗೆ ಬಿದ್ದು ಬರಲು. ಗೆಳತಿಯರೆಲ್ಲ ರಾಜರ ಕಾಲಕ್ಕೆ ಹೋಗಿ ಬಂದರು. ನಾನು ನಿಮ್ಮ ಹೆಸರು ಕೊಟ್ಟೆ. ಪಂಚಮಿಗೆ ಹೆಣ್ಣುಮಗಳು ತವರಿಗೆ ಬರಬೇಕಲ್ಲ, ನನ್ನ ತವರಿಗೂ ತವರು ನಿಮ್ಮ ಮನೆ. ಹಿಂಬಂಡಿಗೆ ತನ್ನದೇ ನಿಲ್ದಾಣವಿಲ್ಲ, ನಿಮ್ಮ ಕಾಲದ ಯಾವುದಾದರೊಂದು ರೈಲಿಗೆ ಕೊನೆಯ ಡಬ್ಬಿಯಾಗಿ ಸೇರಿಕೊಳ್ಳುತ್ತದೆ. ಹೆಚ್ಚೇನೂ ಮಾಡಬೇಡಿ, ಶೇಂಗಾ ಉಂಡಿ ಇದ್ದರೆ ಸಾಕು, ಎಳ್ಳಿನದೂ ಇದ್ದರೆ ಚನ್ನವೀರನಿಗೆ ಇಷ್ಟ. ನನ್ನನ್ನು ಗುರುತಿಸುವುದು ಕಷ್ಟವಲ್ಲ. ಈಗ ನಿಮ್ಮ ಮಡಿಲಲ್ಲಿರುವ ಕುಪ್ಪಸವೇ ನನ್ನ ಮೈಮೇಲಿರುತ್ತದೆ, ಎರಡೂ ಪಕ್ಕದಲ್ಲಿ ಕೆಂಪು ಪಟ್ಟಿ ನೋಡಿ. ರೊಟ್ಟಿ ಪಂಚಮಿಯ ದಿನ, ಸೊಲ್ಲಾಪುರದ ಕಡೆಯಿಂದ ಗದಗಿಗೆ ಬರುವ ಬೆಳಗಿನ ಪ್ಯಾಸೆಂಜರ್, ಕೊನೆಯ ಡಬ್ಬಿ.

ನಿಮ್ಮ,
ನೀಲಗಂಗವ್ವ