ಜವಳಿಯ ನೆಪ

ಅಣ್ಣಿಗೇರಿ
೧೬ ಜುಲೈ ೨೦೨೫, ಬುಧವಾರ

ಪ್ರೀತಿಯ ಸುಶೀಲಕ್ಕಾ,

ಸಿದ್ಧಾರೂಢ ನಿನ್ನೆ ಮಧ್ಯಾಹ್ನ ನವಲಗುಂದದ ಬಸ್ಸು ಹತ್ತಿದ. ಹತ್ತಿಸಿ ಬಂದು ಹೇಳಿದವನು ನಮ್ಮ ಓಣಿಯ ಆಟೋ ಗೌಸ್. ಉಂಡೇ ಹೋದ, ಮೈಮೇಲೆ ಗಾಯವಿಲ್ಲ. ಈಗಾಗಲೇ ಮಗ ನಿನ್ನ ಕಣ್ಣೆದುರು ಇದ್ದಾನು, ಆದರೂ ತಾಯಿ ಮೊದಲು ಕೇಳುವುದು ಅದನ್ನೇ ಎಂದು ಅದನ್ನೇ ಮೊದಲು ಬರೆದೆ. ನಿನ್ನ ಮೊಣಕಾಲು ಹೇಗಿದೆ? ಈರಬಸಪ್ಪ ಮಾವನವರ ಬಿ.ಪಿ. ಗುಳಿಗೆ ತಪ್ಪದಂತೆ ನೋಡಿಕೋ. ಹೆಸರಿನ ಹೊಲದಲ್ಲಿ ಎಡೆ ಹೊಡೆದು ಕಳೆ ತೆಗೆಯುವುದು ಮುಗಿಯಿತೇ? ಫೋನಿನಲ್ಲಿ ನೀನು ಅತ್ತರೆ ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಗೌಸ್ ನಾಳೆ ನಿಮ್ಮೂರು ಯಮನೂರಿನ ದರ್ಗಾಕ್ಕೆ ಬರುವವನಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತೇನೆ.

ಸೋಮವಾರ ನೀನು ನನ್ನ ಮಗಳು ಅಮೃತಾಳಿಗೆಂದು ಹಸಿರು ಸೀರೆ, ಬಳೆ ಕೊಟ್ಟು ಮಗನನ್ನೇ ಕಳಿಸಿದೆ. "ತಾನ ಒಯ್ದು ಕೊಡ್ಲಿ, ಜವಾಬ್ದಾರಿ ಅಂದ್ರೇನು ತಿಳೀತೈತಿ" ಅಂದಿದ್ದೆ. ಅವನು ಮನೆಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಬಾಜೂ ಕುಡಿದು, ನೇರ ಅಮೃತಾ ಕಲಿಸುವ ಶಾಲೆಗೆ ಹೋದ. ಮಕ್ಕಳು ಮನೆಗೆ ಹೊರಡುವ ಹೊತ್ತು. ಗೇಟಿನಲ್ಲಿ ಸೀರೆ ಬಿಚ್ಚಿ ಹಿಡಿದು, "ನನ್ನ ಹೆಂಡ್ತಿನ್ನ ಕರೀರಿ!" ಎಂದು ಕೂಗಿದ. ಅಮೃತಾ ಹೊರಗೆ ಬಂದು, "ಅತ್ತಿ ಕಳಿಸಿದ್ದನ್ನ ಅತ್ತಿಗೇ ಒಯ್ದು ಕೊಡು" ಎಂದಷ್ಟೇ ಹೇಳಿ ಒಳಗೆ ಹೋದಳಂತೆ. ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ಗೌಸ್, "ಬಾರೋ ಮದುಮಗಾ, ಗಾಡಿ ತಯಾರೈತಿ" ಎಂದು ನಗಿಸಿ, ಆಟೋದಲ್ಲಿ ಕೂರಿಸಿ ನಮ್ಮ ಮನೆಗೆ ತಂದ. "ದಾರ್ಯಾಗ ಬಳಿ ಎಲ್ಲಾ ನನಗ ಕೊಟ್ಟಾನ್ರಿ, ನಿಮ್ಮ ಮನ್ಯಾಕಿ ಸುಲ್ತಾನಾಗ ಒಯ್ರಿ ಅಂದ. ಕುಡದ್ರೂ ಕೈ ಬಿಗಿ ಇಲ್ರಿ ಹುಡುಗಂದು" ಎಂದು ಗೌಸ್ ನಕ್ಕ. ನಮ್ಮ ಹುಡುಗನ ಸ್ವಭಾವ ಅದೇ ಅಲ್ಲವೇ ಅಕ್ಕಾ, ಕುಡಿಯುವುದಕ್ಕೆ ಮೊದಲೂ ಅದೇ. ನನಗೆ ನಗಲಾಗಲಿಲ್ಲ. ಸೀರೆ ನಮ್ಮಲ್ಲಿದೆ, ನನ್ನಾಕೆ ಕಸ್ತೂರೆವ್ವ ಮಡಿಸಿಟ್ಟಿದ್ದಾಳೆ. ಮರುದಿನ ಶಾಲೆಯ ಮುಖ್ಯೋಪಾಧ್ಯಾಯಿನಿ ದೊಡ್ಡಬಾಯಿಯವರು, "ಪಾಲಕರು ಕೇಳಾಕತ್ಯಾರವಾ, ಈ ವಾರ ಮನ್ಯಾಗ ಇರು" ಎಂದು ಅಮೃತಾಳಿಗೆ ಹೇಳಿ ಕಳಿಸಿದ್ದಾರೆ. ಇನ್ನೊಮ್ಮೆ ಹೀಗಾದರೆ ಆ ನೌಕರಿ ಉಳಿಯುವುದಿಲ್ಲ.

ಅಣ್ಣತಮ್ಮಂದಿರ ಮಗಳ ಮೇಲೆ ಅಕ್ಕತಂಗಿಯರ ಹಕ್ಕು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅಮೃತಾಳನ್ನು ತೊಟ್ಟಿಲಿಗೆ ಹಾಕಿದ ದಿನ ನೀನು, "ಈಕಿ ನನ್ನ ಸೊಸಿ. ಬ್ಯಾರೆದವರಿಗೆ ಕೊಟ್ಟಿ ಅಂದ್ರ ನಿನ್ನ ಹೊಸ್ತಲಾ ತುಳಿಯಂಗಿಲ್ಲ ನೋಡಲೇ" ಅಂದಿದ್ದೆ. ಮನೆತುಂಬ ನಗು. ಐದು ವರ್ಷದ ಸಿದ್ಧಾರೂಢ ತೊಟ್ಟಿಲು ತೂಗಲು ಬಿಡದೆ ಜೋತುಬಿದ್ದಿದ್ದ. ಅವನು ನೆಟ್ಟಗಿದ್ದಿದ್ದರೆ, ಮಗಳು ಒಪ್ಪಿದ್ದರೆ, ನಾನೇ ಮುಂದೆ ನಿಂತು ಅಕ್ಷತೆ ಹಾಕುತ್ತಿದ್ದೆ. ಆ ಸಂತೋಷ ನಮ್ಮಿಬ್ಬರಿಗೂ ಇಲ್ಲವಾಯಿತು. ಮದುವೆಯಾದರೆ ಸುಧಾರಿಸುತ್ತಾನೆ ಎಂದು ನೀನು, ಮಾವನವರು ಇಬ್ಬರೂ ನಂಬಿದ್ದೀರಿ. ಹೆತ್ತವರು ಇಷ್ಟು ವರ್ಷ ಹೆಣಗಿ ಆಗದ್ದನ್ನು ಅವಳೊಬ್ಬಳು ಹೇಗೆ ಮಾಡಿಯಾಳು? ಅಮೃತಾಳನ್ನು ಕೊಡುವುದಿಲ್ಲ. ಅವಳ ಮಾತೂ ಇದೇ, ನನ್ನ ಮಾತೂ ಇದೇ.

ನಿಮ್ಮನ್ನು ಕೈಬಿಡುತ್ತೇನೆ ಎಂದು ತಿಳಿಯಬೇಡ. ಬರುವ ಸೋಮವಾರ ಧಾರವಾಡದಲ್ಲಿ ಕುಡಿತ ಬಿಡಿಸುವ ಡಾಕ್ಟರರ ಬಳಿ ನಾನೂ ಬರುತ್ತೇನೆ. ಅವನನ್ನು ಅಲ್ಲಿ ಇರಿಸಿಕೊಂಡರೆ ಜೊತೆಗೆ ನಾನಿರುತ್ತೇನೆ, ಕಸ್ತೂರೆವ್ವ ಯಮನೂರಿಗೆ ಬಂದು ನಿನ್ನ ಬಳಿ ಇರುತ್ತಾಳೆ. ನನ್ನ ಪೇಪರ್ ಏಜೆನ್ಸಿ ಹನಮಪ್ಪ ನೋಡಿಕೊಳ್ಳುತ್ತಾನೆ. ಆದರೆ ಸಿದ್ಧಾರೂಢ ಕುಡಿದು ನಮ್ಮ ಮನೆಗೆ ಬಂದರೆ ಬಾಗಿಲು ತೆಗೆಯುವುದಿಲ್ಲ. ಶಾಲೆಯ ಹತ್ತಿರ ಹೋದರೆ ಪೊಲೀಸರಿಗೆ ಫೋನ್ ಮಾಡುತ್ತೇನೆ. ನಿನ್ನೆ ನಿಶೆ ಇಳಿದ ಮೇಲೆ ಇದನ್ನು ಅವನಿಗೂ ಹೇಳಿದೆ. "ಹೂಂ ಮಾಮಾ" ಅಂದ, ಮುಖ ಎತ್ತಲಿಲ್ಲ. ಉಣ್ಣುವಾಗ ಮಾತ್ರ, "ಅಮೃತಾ ಉಂಡಾಳೇನ್ರಿ?" ಎಂದು ಕಸ್ತೂರೆವ್ವನನ್ನು ಕೇಳಿದ. ಅವಳು ಒಳಗೆ ಹೋಗಿ ಅತ್ತಳು.

ಪಂಚಮಿಗೆ ಕರೆಯಲು ಎಂದಿನಂತೆ ಬರುತ್ತೇನೆ. ಈ ಸಲ ನೀನು ಮತ್ತು ಮಾವನವರು ಮಾತ್ರ. ಅವನನ್ನು ಬಿಟ್ಟು ನಿಮ್ಮನ್ನು ಕರೆಯುವುದು ಇದೇ ಮೊದಲು. ಅವನ ಪಾಲಿನ ಉಂಡಿಯನ್ನು ಎಲ್ಲಿರುತ್ತಾನೋ ಅಲ್ಲಿಗೇ ಮುಟ್ಟಿಸುತ್ತೇನೆ.

ಮಾವನವರಿಗೆ ನನ್ನ ನಮಸ್ಕಾರ ಹೇಳು, ಪತ್ರವನ್ನೂ ಓದಿ ಹೇಳು. ಕಸ್ತೂರೆವ್ವ ನಿನ್ನ ಮೊಣಕಾಲಿಗೆ ಎಣ್ಣೆ ಕೊಟ್ಟಿದ್ದಾಳೆ, ಗೌಸ್‌ನಿಂದ ಕೇಳಿ ಇಸಿದುಕೋ.

ನಿನ್ನ ತಮ್ಮ,
ಸಂಗನಬಸವ

ತಾ.ಕ.: ನಿನ್ನೆ ಸಂಜೆ ಫೋನಿನಲ್ಲಿ ನೀನು, "ಮದಿವಿ ಜವಳಿ ತರಾಕ ಅಂತ ಹೇಳಿ ಅಂವನ್ನ ಧಾರವಾಡಕ್ಕ ಕರ್ಕೊಂಡು ಹೋಗೂಣು, ದವಾಖಾನಿ ಅಂದ್ರ ಬರಂಗಿಲ್ಲ" ಅಂದೆ. ನಾನು ಆಗಲಿ ಅಂದುಬಿಟ್ಟೆ. ಅಮೃತಾ ಕೇಳಿಸಿಕೊಂಡು, "ಅಪ್ಪಾ, ದವಾಖಾನಿ ಬಾಗಲದಾಗ ನಿಂತು ಜವಳಿ ಎಲ್ಲಿ ಅಂತ ಅಂವ ಕೇಳಿದ್ರ ಏನ್ ಹೇಳ್ತಿ?" ಅಂದಳು. ಅವನಿಗೆ ಜವಳಿಗೆಂದು ಹೇಳಬೇಡ ಅಕ್ಕಾ. ದವಾಖಾನೆಗೆ ಎಂದೇ ಹೇಳು. ಅದನ್ನು ಕೇಳಿ ಅವನು ಬರದೇ ಹೋಗಬಹುದು, ನನಗೆ ಗೊತ್ತಿದೆ. ಬರದಿದ್ದರೂ ನೀವಿಬ್ಬರೂ ಬನ್ನಿ, ತಂದೆತಾಯಿಯಷ್ಟೇ ಬಂದರೂ ಮಾತಾಡುತ್ತೇನೆ ಎಂದು ಡಾಕ್ಟರ್ ಹೇಳಿದ್ದಾರೆ. ಸೋಮವಾರ ಬೆಳಗ್ಗೆ ಏಳಕ್ಕೆ ನವಲಗುಂದ ಬಸ್‌ಸ್ಟ್ಯಾಂಡಿನಲ್ಲಿ ಇರುತ್ತೇನೆ.